ಕೆಸರಿನ ಜೀವಕ್ಕೆ ಎಂಥ ನೆಲ?

ಮೆಕ್ಸಿಕೊ ನಗರದ ದಕ್ಷಿಣ ಅಂಚಿನಲ್ಲಿ ಸೊಚಿಮಿಲ್ಕೊ ಎಂಬ ಪ್ರದೇಶವಿದೆ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಸರೋವರವಿತ್ತು. ಈಗ ಉಳಿದಿರುವುದು ಕಾಲುವೆಗಳು, ಕಾಲುವೆಗಳ ನಡುವೆ ಚಿನಾಂಪ ಎಂದು ಕರೆಯುವ ಉದ್ದುದ್ದ ಹೊಲದ ಪಟ್ಟಿಗಳು. ಅಲ್ಲಿನ ರೈತರು ಸಸಿ ಮಾಡಿಕೊಳ್ಳುವ ಹೊತ್ತಿಗೆ ದೋಣಿಯಲ್ಲಿ ಹೋಗಿ ಕಾಲುವೆಯ ತಳದಿಂದ ಕೆಸರನ್ನು ಮೊಗೆದು ತರುತ್ತಾರೆ. ಹೊಲದ ಅಂಚಿನಲ್ಲಿ ಅದನ್ನು ತೆಳ್ಳಗೆ ಹರಡಿ, ಅರೆಬರೆ ಆರಿದ ಮೇಲೆ ಚೌಕಚೌಕವಾಗಿ ಗೀರಿ, ಒಂದೊಂದು ಚೌಕಕ್ಕೂ ಬೀಜ ಊರುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ಕೆರೆಯ ಹೂಳನ್ನು ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಾರಲ್ಲ, ಅದೇ ಬುದ್ಧಿ ಇದು. ಮೆತ್ತಗಿನ, ಕಪ್ಪನೆಯ, ಕೊಳೆತ ಎಲೆ ಬೇರುಗಳು ಬೆರೆತ ಆ ಕೆಸರೇ ಆಕ್ಸೊಲೊಟ್ಲ್ ಎಂಬ ಪ್ರಾಣಿಯ ಮನೆಯ ನೆಲ.

ಆಕ್ಸೊಲೊಟ್ಲ್ ಮೀನಲ್ಲ, ಕಪ್ಪೆಯ ದೂರದ ಬಂಧುವಾದ ಸಾಲಮಾಂಡರ್. ಬೇರೆ ಅನೇಕ ಸಾಲಮಾಂಡರ್‌ಗಳು ಮರಿಯಾಗಿದ್ದಾಗ ನೀರಿನಲ್ಲಿದ್ದು, ಬೆಳೆದ ಮೇಲೆ ಕಿವಿರು ಕಳೆದುಕೊಂಡು ದಡ ಹತ್ತುತ್ತವೆ. ಇದು ಹತ್ತುವುದಿಲ್ಲ. ಮೈ ಬೆಳೆದು, ಮೊಟ್ಟೆಯಿಡುವ ಪ್ರಾಯಕ್ಕೆ ಬಂದರೂ ಮರಿಯ ರೂಪದಲ್ಲೇ ಉಳಿದು, ತಲೆಯ ಎರಡೂ ಕಡೆ ಗರಿಯಂಥ ಕಿವಿರುಗಳನ್ನು ಹೊತ್ತು ನೀರಿನ ತಳದಲ್ಲಿ ನಡೆದಾಡಿಕೊಂಡಿರುತ್ತದೆ. ಸಹಜ ನೆಲೆಯಲ್ಲಿ ಇದು ಬದುಕಿರುವುದು ಜಗತ್ತಿನಲ್ಲಿ ಇದೊಂದೇ ಕಡೆ. ನೆರೆಯ ಚಾಲ್ಕೊ ಸರೋವರದಲ್ಲೂ ಇತ್ತು; ಆ ಸರೋವರವನ್ನೇ ಬತ್ತಿಸಿಬಿಟ್ಟರು. ಸೊಚಿಮಿಲ್ಕೊದಲ್ಲಿ 1998ರ ಎಣಿಕೆಯಂತೆ ಚದರ ಕಿಲೊಮೀಟರಿಗೆ ಸುಮಾರು 6,000 ಆಕ್ಸೊಲೊಟ್ಲ್‌ಗಳಿದ್ದವು. 2014ರ ಹೊತ್ತಿಗೆ ಆ ಸಂಖ್ಯೆ 36ರ ಆಸುಪಾಸಿಗೆ ಇಳಿದಿತ್ತು. ನೀರು ಕೆಟ್ಟಿತು, ನಗರ ಬೆಳೆಯಿತು, ಆಹಾರಕ್ಕೆಂದು ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳು ಮೊಟ್ಟೆ ಮರಿಗಳನ್ನು ತಿಂದು ಹಾಕಿದವು.

ಹಾಗಿದ್ದರೂ ಜಗತ್ತಿನ ಮನೆಮನೆಗಳ ಗಾಜಿನ ತೊಟ್ಟಿಗಳಲ್ಲಿ ಇದೇ ಪ್ರಾಣಿ ದೊಡ್ಡ ಸಂಖ್ಯೆಯಲ್ಲಿದೆ. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲೊಟ್ಲ್‌ಗಳು ಪ್ಯಾರಿಸ್ಸಿಗೆ ಹೋದವು. ಅವುಗಳಲ್ಲಿ ಕೆಲವು ಒಗುಸ್ತ್ ದ್ಯುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞನ ಕೈಸೇರಿ, ಮರುವರ್ಷವೇ ಅಲ್ಲಿ ಮರಿಮಾಡಿದವು. ಯುರೋಪಿನ ಪ್ರಯೋಗಾಲಯಗಳಿಗೆ ಇವು ಹಬ್ಬಿದ್ದು ಅಲ್ಲಿಂದ. ಕಡಿದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಇದರ ಶಕ್ತಿ ವಿಜ್ಞಾನಿಗಳನ್ನು ಸೆಳೆಯಿತು. ಪ್ರಯೋಗಾಲಯದಿಂದ ಹವ್ಯಾಸಿಗಳ ಮನೆಗೆ ಬಂತು. 2021ರಲ್ಲಿ ಮೈನ್‌ಕ್ರಾಫ್ಟ್ ಆಟದಲ್ಲಿ ಕಾಣಿಸಿಕೊಂಡ ಮೇಲಂತೂ ಮಕ್ಕಳ ಬಾಯಲ್ಲಿ ಇದರದೇ ಹೆಸರು. ಬೆಂಗಳೂರಿನಲ್ಲೂ ಸಾಕುವವರಿದ್ದಾರೆ. ಸಾಕುವವರು ತೊಟ್ಟಿಯ ಅಳತೆ, ಫಿಲ್ಟರ್, ನೀರು ತಣ್ಣಗಿಡುವ ಚಿಲ್ಲರ್ ಎಲ್ಲವನ್ನೂ ವಿಚಾರಿಸುತ್ತಾರೆ. ತಳಕ್ಕೆ ಏನು ಹಾಸಬೇಕು ಎಂಬುದನ್ನು ಮಾತ್ರ ಅಲಂಕಾರದ ವಿಷಯವೆಂದುಕೊಂಡು, ಅಂಗಡಿಯಲ್ಲಿ ಕಣ್ಣಿಗೆ ಚೆಂದ ಕಂಡ ಕಲ್ಲಿನ ಪ್ಯಾಕೆಟ್ ತಂದು ಸುರಿಯುತ್ತಾರೆ. ಈ ಪ್ರಾಣಿಯ ಮಟ್ಟಿಗೆ ಅದು ಜೀವ ಉಳಿಯುವ, ಹೋಗುವ ಪ್ರಶ್ನೆ. ಯಾಕೆಂದು ತಿಳಿಯಲು ಅದು ಉಣ್ಣುವ ರೀತಿಯನ್ನು ನೋಡಬೇಕು.

ಆಕ್ಸೊಲೊಟ್ಲ್ ಕಚ್ಚಿ ತಿನ್ನುವುದಿಲ್ಲ. ಅದಕ್ಕಿರುವ ಹಲ್ಲುಗಳು ತೀರ ಚಿಕ್ಕವು, ಹಿಡಿದದ್ದು ಜಾರದಂತೆ ತಡೆಯಲಷ್ಟೇ ಸಾಲುತ್ತವೆ, ಹರಿಯಲಾರವು, ಅಗಿಯಲಾರವು. ಎರೆಹುಳುವೋ ಸಿಗಡಿಮರಿಯೋ ಹತ್ತಿರ ಬಂದಿತೆನಿಸಿದಾಗ ಅದು ಬಾಯನ್ನು ಥಟ್ಟನೆ ತೆರೆದು, ಗಂಟಲಿನ ತಳವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಬಾಯೊಳಗಿನ ಜಾಗ ಒಮ್ಮೆಲೇ ಹಿಗ್ಗಿ ಒತ್ತಡ ಕುಸಿಯುತ್ತದೆ, ಎದುರಿಗಿದ್ದ ನೀರು ರಭಸದಿಂದ ಒಳನುಗ್ಗುತ್ತದೆ, ನೀರಿನ ಜೊತೆ ಹುಳುವೂ ಒಳಹೋಗುತ್ತದೆ. ಎಲ್ಲವೂ ನಮ್ಮ ಕಣ್ಣೆವೆ ಬಡಿಯುವಷ್ಟರಲ್ಲಿ ಮುಗಿದಿರುತ್ತದೆ. ಹುಳು ತಳದ ಮೇಲೆ ಹರಿದಾಡುತ್ತಿದ್ದರೆ ಅದರ ಸುತ್ತ ಬಿದ್ದಿದ್ದ ವಸ್ತುಗಳೂ ಅದೇ ಸೆಳೆತಕ್ಕೆ ಸಿಕ್ಕಿ ಬಾಯಿಗೆ ಬರುತ್ತವೆ. ಅದರ ದೃಷ್ಟಿಯೂ ಮಂದ. ರಾತ್ರಿ ಹೊತ್ತು ತಳದಲ್ಲಿ ವಾಸನೆ ಹಿಡಿದು, ಮೈಮೇಲಿನ ಸೂಕ್ಷ್ಮ ಅಂಗಗಳಿಂದ ನೀರಿನ ಅಲುಗಾಟ ಗ್ರಹಿಸಿ ಬೇಟೆಯಾಡುವ ಜೀವ ಅದು. ಅಲುಗಿದ್ದಕ್ಕೆ ಬಾಯಿ ಹಾಕುತ್ತದೆ. ಕಲ್ಲೋ ಹುಳುವೋ ಎಂದು ನೋಡಿ ನಿರ್ಧರಿಸುವ ವ್ಯವಧಾನ ಅದಕ್ಕಿಲ್ಲ.

ಗೋಲ್ಡ್‌ಫಿಶ್ ಜೊತೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕಾರ್ಪ್ ಜಾತಿಯ ಮೀನುಗಳಿಗೆ ಬಾಯಿಯ ಮೇಲ್ಭಾಗದಲ್ಲಿ ರುಚಿ ಅರಿಯುವ ದಪ್ಪನೆಯ ಅಂಗವಿದೆ. ಅವು ಕಲ್ಲು ಸಮೇತ ಆಹಾರವನ್ನು ಬಾಯಿಗೆ ತೆಗೆದುಕೊಂಡು, ಆಹಾರವನ್ನು ಆ ಅಂಗದಿಂದ ಒತ್ತಿ ಹಿಡಿದು, ಕಲ್ಲನ್ನು ಉಗಿಯಬಲ್ಲವು. ಅಕ್ವೇರಿಯಂಗೆ ಸಣ್ಣ ಜಲ್ಲಿ ಹಾಸುವ ರೂಢಿ ಇಂಥ ಮೀನುಗಳ ಜೊತೆಯಲ್ಲಿ ಬೆಳೆದದ್ದು. ಆ ಮೀನುಗಳಿಗೆ ಅದರಿಂದ ತೊಂದರೆಯಾಗಿದ್ದು ಕಡಿಮೆ. ಹಾಗಾಗಿ ವರ್ಷಗಟ್ಟಲೆ ಮೀನು ಮಾರಿ ಅನುಭವವಿರುವ ಅಂಗಡಿಯವರು ಆಕ್ಸೊಲೊಟ್ಲ್ ಕೊಳ್ಳಲು ಬಂದವರಿಗೂ ಅದನ್ನೇ ಕೊಡುತ್ತಾರೆ. ಅವರ ಅನುಭವ ಸುಳ್ಳಲ್ಲ, ಆದರೆ ಅದು ಮೀನಿನ ಅನುಭವ. ಹಾಗೆ ಆರಿಸಿ ಉಗಿಯುವ ಅಂಗ ಆಕ್ಸೊಲೊಟ್ಲ್‌ಗೆ ಇಲ್ಲ. ಕೆಲವೊಮ್ಮೆ ಬಾಯಿಗೆ ಬಂದ ಕಲ್ಲನ್ನು ಅದೂ ಹೊರಹಾಕುತ್ತದೆ. ಕೆಲವೊಮ್ಮೆ ಹುಳುವಿನ ಜೊತೆಯಲ್ಲೇ ನುಂಗಿಬಿಡುತ್ತದೆ.

ನುಂಗಿದ ಕಲ್ಲು ಚಿಕ್ಕದಾಗಿದ್ದರೆ ಮಲದ ಜೊತೆ ಹೊರಬೀಳಬಹುದು. ದೊಡ್ಡದಾದರೆ ಹೊಟ್ಟೆಯಲ್ಲೋ ಕರುಳಿನ ತಿರುವಿನಲ್ಲೋ ಸಿಕ್ಕಿಕೊಳ್ಳುತ್ತದೆ. ಒಂದೊಂದಾಗಿ ಸೇರಿ ಗುಡ್ಡೆಯಾಗುವುದೂ ಉಂಟು. ದಾರಿ ಮುಚ್ಚಿದ ಮೇಲೆ ಹಿಂದಿನ ಆಹಾರ ಒಳಗೇ ಕೊಳೆಯುತ್ತದೆ, ಗಾಳಿ ತುಂಬಿಕೊಳ್ಳುತ್ತದೆ. ಪ್ರಾಣಿ ಊಟ ಬಿಡುತ್ತದೆ, ಮಲ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ತಳದಲ್ಲಿ ನಡೆಯಬೇಕಾದದ್ದು ಬಾಲವನ್ನೋ ಸೊಂಟವನ್ನೋ ಮೇಲೆ ಮಾಡಿಕೊಂಡು ತೇಲಲಾರಂಭಿಸುತ್ತದೆ. ಊಟ ಬಿಡುವುದಕ್ಕೆ, ತೇಲುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ನಿಜ. ಆದರೆ ತಳದಲ್ಲಿ ಜಲ್ಲಿಯಿದ್ದು ಇವೆಲ್ಲ ಒಟ್ಟಿಗೆ ಕಂಡರೆ ಕಾಯುತ್ತ ಕೂರಬಾರದು. ಕಲ್ಲು ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಒಯ್ಯುವುದು ಮೊದಲ ಕೆಲಸ. ಹೊಟ್ಟೆಯನ್ನು ಒತ್ತಿ ಕಲ್ಲು ಹೊರತೆಗೆಯಲು ಹೋಗುವುದು, ಎಣ್ಣೆ ಕುಡಿಸುವುದು ಎರಡನ್ನೂ ಮಾಡಬಾರದು. ಆಕ್ಸೊಲೊಟ್ಲ್ ಇರುವ ಡಬ್ಬವನ್ನು ಫ್ರಿಜ್ಜಿನಲ್ಲಿಟ್ಟು ಬಹಳ ತಣ್ಣಗೆ ಮಾಡುವ ಪದ್ಧತಿಯೊಂದು ಸಾಕುವವರಲ್ಲಿ ಬಳಕೆಯಲ್ಲಿದೆ. ವೈದ್ಯರು ಹೇಳದೆ ಅದಕ್ಕೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ದೇಹವನ್ನು ಅಷ್ಟು ತಣ್ಣಗಾಗಿಸುವುದೇ ಆ ಜೀವಕ್ಕೊಂದು ಹೊಡೆತ.

ಎಷ್ಟು ದೊಡ್ಡ ಕಲ್ಲು ಅಪಾಯ? ಅದರ ತಲೆಗಿಂತ ಚಿಕ್ಕದಾದುದೆಲ್ಲ ಬಾಯಿಗೆ ಹೋಗಬಹುದು ಎಂಬ ಲೆಕ್ಕ ಇಟ್ಟುಕೊಂಡರೆ ಮೋಸವಿಲ್ಲ. ಆಕ್ಸೊಲೊಟ್ಲ್‌ನ ಬಾಯಿ ಮುಖದ ಅಗಲಕ್ಕೂ ಹರಡಿಕೊಂಡಿರುತ್ತದೆ. ಬೆಳೆದ ಪ್ರಾಣಿ 20ರಿಂದ 30 ಸೆಂಟಿಮೀಟರ್ ಉದ್ದವಿರುವುದರಿಂದ, ಮಕ್ಕಳು ಆಡುವ ಗೋಲಿ ಸರಾಗವಾಗಿ ಒಳಹೋಗುತ್ತದೆ. ಬಣ್ಣದ ಜಲ್ಲಿ, ಬಿಳಿ ಬೆಣಚುಕಲ್ಲು, ಗಾಜಿನ ಹರಳು, ಚಿಪ್ಪು, ಪ್ಲಾಸ್ಟಿಕ್ ಮಣಿ, ಇವೆಲ್ಲ ಸರಿಯಾಗಿ ಅದರ ಬಾಯಿಯ ಅಳತೆಯವೇ. ಬಣ್ಣ ಹಚ್ಚಿದ ಜಲ್ಲಿಗೆ ಇನ್ನೊಂದು ದೋಷವೂ ಇದೆ. ಈ ಪ್ರಾಣಿಗೆ ಮೀನಿನಂತೆ ಹುರುಪೆಯ ಹೊದಿಕೆಯಿಲ್ಲ. ತೆಳುವಾದ, ಬರಿಯ ಚರ್ಮದಿಂದಲೂ ಅದು ಉಸಿರಾಡುತ್ತದೆ. ಕಳಪೆ ಬಣ್ಣ ಬಿಟ್ಟು ನೀರಿಗೆ ಸೇರಿದ್ದು ಆ ಚರ್ಮವನ್ನು ದಾಟಿ ನೇರ ಮೈಗಿಳಿಯಬಲ್ಲದು.

ಅಂಗೈಯಗಲದ ನುಣುಪಾದ ಹೊಳೆಕಲ್ಲು ಹಾಸಿದರೆ ನುಂಗುವ ಭಯವಿಲ್ಲ. ಆದರೆ ಕಲ್ಲುಗಳ ಸಂದುಗಳಿಗೆ ಉಳಿದ ಆಹಾರ, ಮಲ ಇಳಿದು ಕೂತುಬಿಡುತ್ತವೆ. ಆಕ್ಸೊಲೊಟ್ಲ್ ಮಾಂಸಾಹಾರಿ, ಅದರ ಹೊಲಸು ಅದೇ ಗಾತ್ರದ ತೊಟ್ಟಿಯ ಪುಟ್ಟ ಮೀನುಗಳದ್ದಕ್ಕಿಂತ ಬಹಳ ಹೆಚ್ಚು. ಸಂದಿಯಲ್ಲಿ ಕೊಳೆತದ್ದು ಅಮೋನಿಯವಾಗಿ ನೀರಿಗೆ ಸೇರುತ್ತದೆ. ಒಂದೆರಡು ದೊಡ್ಡ ಕಲ್ಲನ್ನು ಮೂಲೆಯಲ್ಲಿ ಇಡುವುದು ಬೇರೆ ಮಾತು, ತಳದ ತುಂಬ ಹಾಸುವುದನ್ನು ನಾನು ಸೂಚಿಸಲಾರೆ.

ಹಾಗಾದರೆ ಏನೂ ಹಾಸದೆ ಗಾಜಿನ ತಳವನ್ನೇ ಬಿಟ್ಟರೆ? ಪ್ರಯೋಗಾಲಯಗಳಲ್ಲಿ ತಲೆಮಾರುಗಳಿಂದ ಇವನ್ನು ಬರಿಯ ಡಬ್ಬಗಳಲ್ಲೇ ಬೆಳೆಸುತ್ತ ಬಂದಿದ್ದಾರೆ, ಬೆಳೆದಿವೆ, ಮರಿಮಾಡಿವೆ. ನುಂಗಲು ಏನೂ ಇಲ್ಲ, ಹೊಲಸು ಬಿದ್ದದ್ದು ಕೂಡಲೇ ಕಾಣುತ್ತದೆ, ಪಿಚಕಾರಿಯಂಥ ರಬ್ಬರ್ ಬುರುಡೆಯ ಕೊಳವೆಯಿಂದ ಎಳೆದು ತೆಗೆಯಬಹುದು. 12-15 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳಿಗೆ ಇದಕ್ಕಿಂತ ಒಳ್ಳೆಯ ನೆಲ ಇನ್ನೊಂದಿಲ್ಲ. ಮರಿಗಳು ಬಾಯಿಗೆ ಸಿಕ್ಕಿದ್ದನ್ನೆಲ್ಲ ಹೀರುತ್ತವೆ, ಜೊತೆಯ ಮರಿಯ ಕಾಲನ್ನೂ ಬಿಡುವುದಿಲ್ಲ. ಅವುಗಳ ಕರುಳೋ ದಾರದಷ್ಟು ಸಪೂರ.

ಬೆಳೆದ ಪ್ರಾಣಿಗೆ ಮಾತ್ರ ಬರಿಗಾಜು ಕಷ್ಟದ ನೆಲ. ಇದು ಈಜುವುದಕ್ಕಿಂತ ನಡೆಯುವುದೇ ಹೆಚ್ಚು. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಐದು ಮೆತ್ತನೆಯ ಬೆರಳುಗಳು, ಉಗುರಿಲ್ಲ. ದಿನ ಕಳೆದಂತೆ ಗಾಜಿನ ಮೇಲೆ ಲೋಳೆ ಕಟ್ಟಿಕೊಳ್ಳುತ್ತದೆ; ಹೆಜ್ಜೆಯಿಟ್ಟಲ್ಲೆಲ್ಲ ಕಾಲು ಜಾರಿ, ಮುಂದಕ್ಕೆ ಹೋಗಲು ಬಾಲ ಬಡಿಯಬೇಕಾಗುತ್ತದೆ. ಬೆಳಕಿನ ತೊಂದರೆ ಇನ್ನೊಂದು. ಆಕ್ಸೊಲೊಟ್ಲ್‌ಗೆ ಕಣ್ಣು ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ನಮ್ಮಲ್ಲಿ ಗಾಜಿನ ತೊಟ್ಟಿ ಒಡೆಯದಿರಲೆಂದು ಕೆಳಗೆ ಬಿಳಿಯ ಥರ್ಮೊಕೋಲ್ ಹಾಳೆ ಇಟ್ಟಿರುತ್ತೇವೆ. ತಳದಲ್ಲಿ ಏನೂ ಹಾಸದಿದ್ದರೆ ಮೇಲಿನ ಲೈಟು ಆ ಬಿಳುಪಿಗೆ ಬಿದ್ದು ಕೆಳಗಿನಿಂದಲೂ ಕಣ್ಣಿಗೆ ರಾಚುತ್ತದೆ. ಇದಕ್ಕೆ ಪರಿಹಾರ ತೀರ ಸುಲಭ: ತೊಟ್ಟಿ ಕೂರಿಸುವ ಮೊದಲು ಥರ್ಮೊಕೋಲ್ ಮೇಲೆ ಕಪ್ಪು ಚಾರ್ಟ್ ಹಾಳೆ ಹಾಸಿಬಿಡುವುದು. ನೀರಿನೊಳಗೆ ಏನನ್ನೂ ಹಾಕದೆ ತಳ ಕಪ್ಪಾಗುತ್ತದೆ. ಸಹಜ ಬಣ್ಣದ ಆಕ್ಸೊಲೊಟ್ಲ್ ತಾನಿರುವ ನೆಲಕ್ಕೆ ತಕ್ಕಂತೆ ಮೈಬಣ್ಣವನ್ನು ಒಂದಿಷ್ಟು ಗಾಢ, ಒಂದಿಷ್ಟು ತಿಳಿ ಮಾಡಿಕೊಳ್ಳಬಲ್ಲದು. ಕಪ್ಪು ನೆಲದಲ್ಲಿ ಅದರ ಬಣ್ಣ ತುಂಬಿಕೊಳ್ಳುತ್ತದೆ.

ಬೆಳೆದ ಪ್ರಾಣಿಗೆ ನನ್ನ ಆಯ್ಕೆ ಎರಡು: ಒರಟು ಮೈಯ ಬಿಲ್ಲೆ, ಇಲ್ಲವೇ ನಯವಾದ ಮರಳು.

ಮೊದಲು ಬಿಲ್ಲೆಯ ಮಾತು. ಹೊರದೇಶದ ಸಾಕಣೆದಾರರು ಸ್ಲೇಟ್ ಕಲ್ಲಿನ ಹಲಗೆಯನ್ನು ಬಹಳ ಮೆಚ್ಚುತ್ತಾರೆ. ಅದು ನೀರಿನಲ್ಲಿ ಕರಗುವುದಿಲ್ಲ, ಕಪ್ಪಗಿರುತ್ತದೆ, ಮೇಲ್ಮೈ ಸ್ವಲ್ಪ ಒರಟಾಗಿದ್ದು ಕಾಲಿಗೆ ಹಿಡಿತ ಕೊಡುತ್ತದೆ. ಅದನ್ನು ಓದಿಕೊಂಡು ನಮ್ಮ ಕಲ್ಲಿನಂಗಡಿಗೆ ಹೋದವರಿಗೆ ಅದೇ ಬಣ್ಣದ, ಅದೇ ತೆಳುವಿನ ಕಡಪ ಕಲ್ಲು ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯ ಕಟ್ಟೆಗೆ, ಕಪಾಟಿಗೆ ಹಾಕುವ ಕಪ್ಪು ಕಲ್ಲು. ನೋಡಲು ಸ್ಲೇಟಿನಂತೆಯೇ ಇದ್ದರೂ ಕಡಪ ಕಲ್ಲು ಸುಣ್ಣದಕಲ್ಲಿನ ಜಾತಿಯದು. ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ, ಅಮೃತಶಿಲೆಯೂ ಅಷ್ಟೆ. ಇವು ನೀರಿನಲ್ಲಿ ನಿಧಾನವಾಗಿ ಕರಗುತ್ತ ನೀರಿನ ಗಡಸುತನವನ್ನೂ ಪಿಎಚ್ ಮಟ್ಟವನ್ನೂ ಏರಿಸುತ್ತವೆ.

ಇದರಿಂದ ಆಕ್ಸೊಲೊಟ್ಲ್ ಕೂಡಲೇ ಸಾಯುತ್ತದೆಂದು ಹೆದರಬೇಕಿಲ್ಲ. ಅದಕ್ಕೆ ಸ್ವಲ್ಪ ಗಡಸು ನೀರೇ ಒಗ್ಗುತ್ತದೆ, ಪಿಎಚ್ 7.4ರಿಂದ 7.6ರ ನಡುವೆ ಇದ್ದರೆ ಹಿತ. ಬೆಂಗಳೂರಿನ ಬೋರ್‌ವೆಲ್ ನೀರು ಮೊದಲೇ ಗಡಸು. ಅಂಥ ನೀರಿನಲ್ಲಿ ಸುಣ್ಣದಕಲ್ಲು ಕರಗುವುದೂ ಕಡಿಮೆ. ತೊಂದರೆ ಬರುವುದು ಇನ್ನೊಂದು ದಾರಿಯಲ್ಲಿ. ಪಿಎಚ್ ಏರಿದಂತೆ ನೀರಿನಲ್ಲಿರುವ ಅಮೋನಿಯದ ಹೆಚ್ಚು ಪಾಲು ವಿಷಕಾರಿ ರೂಪಕ್ಕೆ ತಿರುಗುತ್ತದೆ. ನೀರು ಬಿಸಿಯಾದಾಗಲೂ ಹಾಗೆಯೇ. ಅಂದರೆ ಏಪ್ರಿಲ್ ತಿಂಗಳಲ್ಲಿ, ಫಿಲ್ಟರ್ ಕೈಕೊಟ್ಟ ದಿನ, ಸುಣ್ಣದಕಲ್ಲಿನ ತಳವಿರುವ ತೊಟ್ಟಿಯಲ್ಲಿ ಬೇರೆಡೆಗಿಂತ ಬೇಗ ಅನಾಹುತವಾಗುತ್ತದೆ. ನಮ್ಮ ಹತೋಟಿಯಲ್ಲಿಲ್ಲದ ಒಂದು ಬದಲಾವಣೆಯನ್ನು ತಳದಲ್ಲಿ ಹಾಸಿಕೊಳ್ಳುವುದೇಕೆ?

ಕಲ್ಲಿನ ಜಾತಿ ತಿಳಿಯಲು ಹಳೆಯ ಪರೀಕ್ಷೆಯೊಂದಿದೆ. ಕಲ್ಲಿನ ಒಂದು ಕಡೆ ಮೊಳೆಯಿಂದ ಗೀರಿ, ಪುಡಿ ಎದ್ದ ಜಾಗಕ್ಕೆ ನಾಲ್ಕು ಹನಿ ವಿನಿಗರ್ ಬಿಟ್ಟು ಹತ್ತಿರದಿಂದ ನೋಡಬೇಕು. ಸಣ್ಣ ಗುಳ್ಳೆಗಳೆದ್ದರೆ ಸುಣ್ಣವಿದೆ. ಗೀರದೆ ಹಾಗೇ ಹಾಕಿದರೆ ಪಾಲಿಷ್ ಅಡ್ಡ ಬಂದು ಮೋಸವಾಗುತ್ತದೆ. ಡಾಲಮೈಟ್ ಬೆರೆತ ಕಲ್ಲು ವಿನಿಗರ್‌ಗೆ ಬೇಗ ಉತ್ತರ ಕೊಡುವುದಿಲ್ಲ, ಆದ್ದರಿಂದ ಪುಡಿಯ ಮೇಲೆಯೇ ಹಾಕಿ ಸ್ವಲ್ಪ ಹೊತ್ತು ಕಾಯಬೇಕು. ಗ್ರಾನೈಟ್‌ನಲ್ಲಿ ಗುಳ್ಳೆ ಏಳುವುದಿಲ್ಲ. ಬೆಂಗಳೂರಿನ ಉತ್ತರಕ್ಕೆ ಸಿಗುವ ಸಾದರಹಳ್ಳಿ ಕಲ್ಲು ಅಂಥ ಗ್ರಾನೈಟ್. ಅದರ ಒರಟು ಮೈಯ ಹಲಗೆ ಈ ಕೆಲಸಕ್ಕೆ ಒಳ್ಳೆಯದು, ಆದರೆ ತೂಕ ಹೆಚ್ಚು, ತೊಟ್ಟಿಯ ಸ್ಟ್ಯಾಂಡ್ ಅದನ್ನು ತಾಳಬೇಕು.

ಇಷ್ಟೆಲ್ಲ ಹುಡುಕಾಟ ಬೇಡವೆನ್ನುವವರಿಗೆ ಬಚ್ಚಲಮನೆಗೆ ಹಾಕುವ ಮ್ಯಾಟ್ ಫಿನಿಶ್ ಸೆರಾಮಿಕ್ ಟೈಲ್ಸ್ ಸಾಕು. ಕಾಲು ಜಾರದಂತೆಂದೇ ಮಾಡಿದ್ದು, ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಬೇಕಾದ ಅಳತೆಗೆ ಅಂಗಡಿಯವರೇ ಕತ್ತರಿಸಿ ಕೊಡುತ್ತಾರೆ. ಗಾಢ ಬಣ್ಣದ್ದನ್ನು ಆರಿಸಿ. ಕತ್ತರಿಸಿದ ಅಂಚು ಗಾಜಿನ ಚೂರಿನಷ್ಟೇ ಹರಿತವಾಗಿರುತ್ತದೆ. ಉಜ್ಜುಕಾಗದದಿಂದ ತಿಕ್ಕಿ, ಬರಿಗೈ ಬೆರಳು ಆಡಿಸಿ ನೋಡಿ ಒಳಗಿಡಬೇಕು. ಸೋಪು, ಫಿನಾಯಿಲ್ ಹಾಕಿ ತೊಳೆಯಬಾರದು, ಬಿಸಿನೀರು ಸಾಕು. ಈ ಮೊದಲು ಯಾರದೋ ಮನೆಯ ನೆಲದಲ್ಲಿದ್ದು ಕಿತ್ತ ಟೈಲ್ಸ್ ಬೇಡವೇ ಬೇಡ, ವರ್ಷಗಟ್ಟಲೆ ಹೀರಿಕೊಂಡ ಆ್ಯಸಿಡ್, ಫಿನಾಯಿಲ್ ಅದರೊಳಗಿರುತ್ತದೆ.

ಟೈಲ್ಸ್‌ನ ಒಂದು ಸಮಸ್ಯೆ ಅದರ ಅಡಿಭಾಗ. ತೊಟ್ಟಿಯ ಗಾಜಿಗೂ ಟೈಲ್ಸ್‌ಗೂ ನಡುವಿನ ತೆಳು ಸಂದಿಯಲ್ಲಿ ಹೊಲಸು ಇಳಿದು, ಗಾಳಿಯಾಡದೆ ಕೊಳೆಯುತ್ತದೆ. ಕೆಲವರು ಸುತ್ತಲೂ ಸಿಲಿಕೋನ್ ಹಚ್ಚಿ ಮುಚ್ಚಿಬಿಡುತ್ತಾರೆ. ಹಾಗೆ ಮಾಡುವುದಾದರೆ ಅಕ್ವೇರಿಯಂಗೆಂದೇ ಮಾರುವ ಸಿಲಿಕೋನ್ ಆಗಬೇಕು. ಬಚ್ಚಲಿಗೆಂದು ಮಾರುವುದರಲ್ಲಿ ಬೂಷ್ಟು ಬರದಂತೆ ವಿಷ ಬೆರೆಸಿರುತ್ತಾರೆ, ಅದು ಈ ಪ್ರಾಣಿಗೂ ವಿಷವೇ. ಟೈಲ್ಸ್ ಅಂಟಿಸುವ ಸಿಮೆಂಟು, ಅಂಟುಪುಡಿಗಳೂ ಕೂಡದು. ಅಂಟಿಸದೆ ಒಂದಡಿ ಚೌಕದ ತುಂಡುಗಳನ್ನು ಸುಮ್ಮನೆ ಇಟ್ಟು, ನೀರು ಬದಲಿಸುವ ದಿನ ಒಂದೊಂದನ್ನೇ ಎತ್ತಿ ಅಡಿಯನ್ನು ಪೈಪಿನಿಂದ ಎಳೆದುಬಿಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅಂಟಿಸಿ ಮುಚ್ಚಿದ್ದು ಎಲ್ಲೋ ಒಂದೆಡೆ ಬಿಟ್ಟುಕೊಂಡರೆ ಒಳಗೆ ಏನಾಗುತ್ತಿದೆಯೆಂದು ಕಾಣುವುದೂ ಇಲ್ಲ.

ಮರಳಿನ ವಿಷಯಕ್ಕೆ ಬಂದರೆ, ಮೆತ್ತಗಿನ ಕೆಸರಿನಲ್ಲಿ ನಡೆದ ಜೀವಕ್ಕೆ ಹತ್ತಿರದ ನೆಲ ಅದೇ. ಕಾಲು ಹೂತು ಹಿಡಿತ ಸಿಗುತ್ತದೆ, ತಳ ಕನ್ನಡಿಯಂತೆ ಹೊಳೆಯುವುದಿಲ್ಲ. ಆದರೆ ಮರಳನ್ನೂ ಅದು ನುಂಗುತ್ತದೆ, ನುಂಗಿಯೇ ನುಂಗುತ್ತದೆ. ನುಂಗಿದ್ದು ತಡೆಯಿಲ್ಲದೆ ಹೊರಬರುವಷ್ಟು ನಯವಾಗಿರಬೇಕು, ಅಷ್ಟೆ. ಒಂದು ಮಿಲಿಮೀಟರಿಗಿಂತ ಸಣ್ಣ ಕಣ, ಅಡುಗೆಮನೆಯ ಹಿಟ್ಟು ಜರಡಿಯಲ್ಲಿ ಇಳಿಯುವಂಥದ್ದು. 15 ಸೆಂಟಿಮೀಟರ್ ದಾಟಿದ, ಗಟ್ಟಿಯಾಗಿ ಬೆಳೆದ ಪ್ರಾಣಿಗೆ ಮಾತ್ರ.

ಯಾವ ಮರಳು ಎಂಬುದರಲ್ಲಿ ನಮ್ಮಲ್ಲಿ ಗೊಂದಲ ಹೆಚ್ಚು. ಮನೆ ಕಟ್ಟುವಲ್ಲಿ ರಾಶಿ ಬಿದ್ದಿರುವುದು ಈಗ ಬಹುಪಾಲು ಎಂ-ಸ್ಯಾಂಡ್. ಕಲ್ಲನ್ನು ಯಂತ್ರದಲ್ಲಿ ಪುಡಿಮಾಡಿ ತೆಗೆದದ್ದು. ಅದರ ಕಣಗಳು ಚೂಪು, ಜೊತೆಗೆ ಕಲ್ಲಿನ ಧೂಳು. ಹೊಟ್ಟೆಯೊಳಗೆ ಹೋಗುವ ವಸ್ತು ಅಂಥದ್ದಾಗಬಾರದು. ಹೊಳೆಯ ಮರಳಿನ ಕಣ ನೀರಿನಲ್ಲಿ ಉರುಳಿ ದುಂಡಗಾಗಿರುತ್ತದೆ, ಆದರೆ ಅದರಲ್ಲಿ ಕಡಲೆ ಗಾತ್ರದ ಕಲ್ಲಿನಿಂದ ಧೂಳಿನವರೆಗೆ ಎಲ್ಲವೂ ಬೆರೆತಿರುತ್ತದೆ. ಕಡಲ ತೀರದ ಮರಳಿನಲ್ಲಿ ಉಪ್ಪು, ಚಿಪ್ಪಿನ ಚೂರು. ಕುಡಿಯುವ ನೀರಿನ ಫಿಲ್ಟರಿಗೆ ತುಂಬುವ, ಗಾತ್ರ ನೋಡಿ ಜರಡಿ ಹಿಡಿದ ಕ್ವಾರ್ಟ್ಜ್ ಮರಳು ಇವೆಲ್ಲಕ್ಕಿಂತ ನಂಬಿಕಸ್ತ. ಕರಗುವುದಿಲ್ಲ, ನೀರಿನ ಗುಣ ಬದಲಿಸುವುದಿಲ್ಲ. ಅದರಲ್ಲೂ ಸಣ್ಣ ಗಾತ್ರದ್ದನ್ನೇ ಕೇಳಿ ತರಬೇಕು, ತಂದದ್ದನ್ನು ಮನೆಯಲ್ಲಿ ಮತ್ತೊಮ್ಮೆ ಜರಡಿ ಹಿಡಿಯಬೇಕು. ಬಕೆಟ್ಟಿನಲ್ಲಿ ಹಾಕಿ, ಮೇಲೆ ತೇಲಿದ ಬಗ್ಗಡ ನೀರನ್ನು ಚೆಲ್ಲುತ್ತ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇದು ಬೇಸರದ ಕೆಲಸ, ಆದರೆ ಅರ್ಧಕ್ಕೆ ಬಿಟ್ಟರೆ ಆ ಧೂಳು ತೊಟ್ಟಿಯಲ್ಲಿ ದಿನಗಟ್ಟಲೆ ಏಳುತ್ತಿರುತ್ತದೆ, ಪಂಪಿನ ಒಳಗೂ ಹೋಗುತ್ತದೆ.

ಮರಳಿನ ದಪ್ಪ ಎರಡು, ಎರಡೂವರೆ ಸೆಂಟಿಮೀಟರ್ ದಾಟಬಾರದು. ದಪ್ಪಗೆ ಹಾಸಿದರೆ ಅಡಿಯ ಪದರಕ್ಕೆ ಆಮ್ಲಜನಕ ತಲುಪದೆ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಬೆಳೆದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮರಳನ್ನು ಮೆಲ್ಲಗೆ ಕೆದಕಿದರೆ ಅದಕ್ಕೆ ಅವಕಾಶವಿರುವುದಿಲ್ಲ. ಹೊಲಸು ಮರಳಿನ ಮೇಲೆಯೇ ಕೂರುವುದರಿಂದ ತೆಗೆಯುವುದು ಸುಲಭ, ದಿನವೂ ತೆಗೆಯಬೇಕಷ್ಟೆ. ಆಹಾರವನ್ನು ಮರಳಿನ ಮೇಲೆ ಚೆಲ್ಲದೆ, ಚಿಮಟದಲ್ಲಿ ಹಿಡಿದು ಬಾಯಿಯ ಮುಂದೆ ಆಡಿಸಿ ಕೊಡುವುದು, ಇಲ್ಲವೇ ಒಂದು ಪಿಂಗಾಣಿ ತಟ್ಟೆಯಲ್ಲಿಟ್ಟು ಅಲ್ಲಿಗೇ ಬರುವಂತೆ ರೂಢಿ ಮಾಡಿಸುವುದು ಒಳ್ಳೆಯದು. ನುಂಗುವ ಮರಳಿನ ಪ್ರಮಾಣ ಇದರಿಂದ ಬಹಳ ತಗ್ಗುತ್ತದೆ.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರಿನ ಗಿಡಗಳಿಗೆಂದು ಮಾರುವ ಗುಳಿಗೆಯಂಥ ಅಕ್ವಾ ಸಾಯಿಲ್ ಬಾಯಿಗೆ ಹಿಡಿಯುವ ಗಾತ್ರದ್ದು, ನೀರನ್ನು ಹುಳಿಯ ಕಡೆಗೆ ತಿರುಗಿಸುತ್ತದೆ, ಹೊಸದರಲ್ಲಿ ಅಮೋನಿಯವನ್ನೂ ಬಿಡುತ್ತದೆ. ಹವಳದ ಪುಡಿ ಸುಣ್ಣವೇ. ಪ್ಲಾಸ್ಟಿಕ್ ಹುಲ್ಲಿನ ಹಾಸಿನಲ್ಲಿ ಬೆರಳು, ಕಿವಿರಿನ ಎಳೆಗಳು ಸಿಕ್ಕಿಕೊಳ್ಳುತ್ತವೆ. ಮೂರನ್ನೂ ಬಿಡಬಹುದು.

ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಆಕ್ಸೊಲೊಟ್ಲ್ ಮೂಲ ನೆಲವನ್ನು ಮರೆತಿರುತ್ತದೆಯೇ ಎಂಬ ಪ್ರಶ್ನೆಗೆ ಈಚೆಗೆ ಒಂದು ಉತ್ತರ ಸಿಕ್ಕಿದೆ. ಮೆಕ್ಸಿಕೊದ ಸಂಶೋಧಕರು ಸಾಕಣೆಯಲ್ಲಿ ಹುಟ್ಟಿದ 18 ಆಕ್ಸೊಲೊಟ್ಲ್‌ಗಳನ್ನು ಸೊಚಿಮಿಲ್ಕೊದ ಕಾಲುವೆಯಲ್ಲೂ ಇನ್ನೊಂದು ಜೌಗಿನಲ್ಲೂ ಬಿಟ್ಟು ಹಿಂಬಾಲಿಸಿದರು. 2025ರಲ್ಲಿ ಅದರ ವರದಿ ಬಂತು. ಅವು ಬದುಕಿದವು. ಮತ್ತೆ ಹಿಡಿದು ತೂಗಿದವುಗಳ ತೂಕ ಹೆಚ್ಚಿತ್ತು. ಯಾರೂ ಕಲಿಸದೆ ಕೆಸರಿನಲ್ಲಿ ಬೇಟೆಯಾಡಿ ತಿಂದಿದ್ದವು. ಅಂದರೆ ಆ ಬಾಯಿ, ಆ ಕಾಲು, ಆ ಬೇಟೆಯ ರೀತಿ ತೊಟ್ಟಿಯಲ್ಲಿ ತಲೆಮಾರುಗಳು ಕಳೆದರೂ ಬದಲಾಗಿಲ್ಲ. ನಾವು ಕಲ್ಲು ಹಾಸಿದರೆ ಅದು ಕಲ್ಲಿಗೆ ಒಗ್ಗಿಕೊಳ್ಳುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ.

ನಮ್ಮಲ್ಲಿ ಸಾಕುವವರು ಎರಡು ವಿಷಯಗಳನ್ನು ತಿಳಿದಿರಬೇಕು. ಸೊಚಿಮಿಲ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಅಲ್ಲಿಯ ತಣ್ಣೀರಿನ ಜೀವಕ್ಕೆ 16ರಿಂದ 18 ಡಿಗ್ರಿ ಹಿತ, 24 ದಾಟಿದರೆ ಯಾತನೆ. ತಳಕ್ಕೆ ಎಷ್ಟೇ ಒಳ್ಳೆಯ ಕಲ್ಲು ಹಾಸಿದರೂ ಚಿಲ್ಲರ್ ಇಲ್ಲದೆ ನಮ್ಮ ಬೇಸಿಗೆಯಲ್ಲಿ ಇದನ್ನು ಸಾಕಲಾಗದು. ಅಷ್ಟು ಖರ್ಚು ಹೊರಲಾಗದವರು ತರಬಾರದು. ಇನ್ನು, ಆಕ್ಸೊಲೊಟ್ಲ್ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಪ್ರಾಣಿಗಳನ್ನು ನಾಲ್ಕನೆಯ ಅನುಸೂಚಿಗೆ ಸೇರಿಸಿತು. ಇಟ್ಟುಕೊಂಡವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದಪತ್ರ ಕೊಡದಿದ್ದರೆ ಕೊಳ್ಳದಿರುವುದೇ ಸರಿ.

ಈಗಾಗಲೇ ಜಲ್ಲಿ ಹಾಸಿದ ತೊಟ್ಟಿಯಲ್ಲಿ ಸಾಕುತ್ತಿರುವವರು ಇದನ್ನು ಓದಿ ಇವತ್ತೇ ಎಲ್ಲವನ್ನೂ ಬರಿದು ಮಾಡಲು ಹೊರಟರೆ, ಒಂದು ಎಚ್ಚರಿಕೆ. ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಬ್ಯಾಕ್ಟೀರಿಯಗಳು ಫಿಲ್ಟರಿನಲ್ಲಿ ಮಾತ್ರವಲ್ಲ, ಆ ಜಲ್ಲಿಯ ಮೈಮೇಲೂ ಕೂತಿರುತ್ತವೆ. ಜಲ್ಲಿ ಹೋದರೆ ಅವುಗಳಲ್ಲೊಂದು ಪಾಲೂ ಹೋಗುತ್ತದೆ. ಮೊದಲು ತೊಟ್ಟಿಯದೇ ನೀರು ತುಂಬಿದ ಟಬ್ಬಿಗೆ ಪ್ರಾಣಿಯನ್ನು ನಿಧಾನವಾಗಿ ದಾಟಿಸಿ. ಬಲೆಯ ಎಳೆಗೆ ಕಿವಿರು ಸಿಕ್ಕಿಕೊಳ್ಳುತ್ತದೆ, ಡಬ್ಬದಲ್ಲಿ ನೀರು ಸಮೇತ ಎತ್ತುವುದು ಮೇಲು. ಜಲ್ಲಿ ಮೊಗೆಯುವಾಗ ಅಡಿಯ ಹೊಲಸೆಲ್ಲ ಏಳುತ್ತದೆ, ಅದನ್ನು ಪೂರ್ತಿ ಎಳೆದು ತೆಗೆಯುವವರೆಗೆ ಪ್ರಾಣಿ ಹೊರಗೇ ಇರಲಿ. ಫಿಲ್ಟರಿನ ಸ್ಪಂಜನ್ನು ಅದೇ ದಿನ ನಲ್ಲಿನೀರಿನಲ್ಲಿ ತೊಳೆಯಬಾರದು, ಒಣಗಲೂ ಬಿಡಬಾರದು; ಉಳಿದ ಬ್ಯಾಕ್ಟೀರಿಯಗಳೆಲ್ಲ ಅಲ್ಲಿರುತ್ತವೆ, ನಲ್ಲಿಯ ಕ್ಲೋರಿನ್ ಅವನ್ನೂ ಕೊಲ್ಲುತ್ತದೆ. ಆಮೇಲಿನ ಎರಡು ವಾರ ಆಹಾರ ಸ್ವಲ್ಪ ಕಡಿಮೆ ಮಾಡಿ, ದಿನವೂ ಅಮೋನಿಯ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿ. ಎರಡೂ ಸೊನ್ನೆ ಇರಬೇಕು. ಏರಿದ್ದು ಕಂಡರೆ ಕ್ಲೋರಿನ್ ತೆಗೆದ, ಅದೇ ತಾಪಮಾನದ ನೀರನ್ನು ಅವತ್ತೇ ಕಾಲು ಭಾಗ ಬದಲಿಸಿ, ಮರುದಿನ ಮತ್ತೆ ನೋಡಿ.